ಕಂಪ್ಲಿಯ ಎಣ್ಣೆ ತೊಟ್ಟಿಗೆ ಬಿಟ್ಟ ಹೊಳೆನೀರು

ಮಂಗಳವಾರ ಬಳ್ಳಾರಿಯಿಂದ ಬೆಳಗಿನ ರೈಲು ಹತ್ತಿದಾಗ ನನ್ನ ತೊಡೆಯ ಮೇಲೆ ಸೂಕ್ಷ್ಮದರ್ಶಕದ ಪೆಟ್ಟಿಗೆ ಇತ್ತು. ಮೂರನೇ ದರ್ಜೆಯಲ್ಲಿ ಎದುರಿಗೆ ಕೂತವರೊಬ್ಬರು ಅದನ್ನು ಹಾರ್ಮೋನಿಯಂ ಎಂದುಕೊಂಡು, ಒಂದು ಪದ ಹೇಳ್ರಿ ಎಂದು ಬೆನ್ನುಬಿದ್ದರು. ಹೊಸಪೇಟೆಯಲ್ಲಿ ಇಳಿದು, ಒಗ್ಗರಣೆ ಮಂಡಕ್ಕಿ ತಿಂದು, ಕಂಪ್ಲಿಯ ಮೋಟಾರು ಹಿಡಿದೆ. ಸುಮಾರು ಇಪ್ಪತ್ತು ಮೈಲಿ. ಎಷ್ಟು ಧೂಳು ಕುಡಿದೆನೋ ಶಿವನೇ ಬಲ್ಲ!

ಬಳ್ಳಾರಿಯಲ್ಲಿ ನೀರು, ಎಣ್ಣೆ ಪರೀಕ್ಷೆ ಮಾಡುವುದು ನನ್ನ ಕೆಲಸ. ನನ್ನನ್ನು ಕರೆಸಿದವರು ಶೇಂಗಾ ಎಣ್ಣೆ ಗಿರಣಿಯ ಸಾವುಕಾರ ವೀರಭದ್ರಪ್ಪನವರು. ಅವರ ನೆಲದೊಳಗಿನ ಕಲ್ಲುತೊಟ್ಟಿಯ ಎಣ್ಣೆ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅಲ್ಲೊಂದು ಪದ್ಧತಿ: ತಳದ ಎಣ್ಣೆ ಕೈಗೆ ಸಿಗದಾದಾಗ ತೊಟ್ಟಿಗೆ ಕೊಳವೆಯಿಂದ ನೀರು ಬಿಡುತ್ತಾರೆ, ಎಣ್ಣೆ ತೇಲಿ ಮೇಲೆ ಬರುತ್ತದೆ. ಮೂವತ್ತು ವರ್ಷದಿಂದ ಆ ಕೆಲಸ ಗಾಣಿಗರ ನಿಂಗಪ್ಪಜ್ಜನದು. ಹಾಗಾಗಿ ಏನೋ ಬೆರೆಸಿದ ಎಂಬ ಅಪವಾದವೂ ಅವನ ತಲೆಗೇ ಬಂದಿತ್ತು. ಬರುವ ಸೋಮವಾರ ಹಂಪಿಯ ವಿರೂಪಾಕ್ಷನ ಮುಂದೆ ಅವನು ದೀಪ ಮುಟ್ಟಿ ಆಣೆ ಮಾಡಬೇಕಿತ್ತು. ಅದಕ್ಕೆ ಮೊದಲು ಎಣ್ಣೆಯನ್ನೂ ಪರೀಕ್ಷೆ ಮಾಡಿಸೋಣ ಎಂದು ಸಾವುಕಾರರಿಗೇ ಅನ್ನಿಸಿತಂತೆ. ಕೆಟ್ಟ ಮನುಷ್ಯರಲ್ಲ.

"ನೀರು ಎಲ್ಲೀದು?" ಎಂದು ಕೇಳಿದೆ.

"ಹೋದ್ ವರ್ಷದ ತನಕ ಬಾವಿ ನೀರು ಕುದಿಸಿ ಬಿಡ್ತಿದ್ದೆರಿ," ಎಂದ ಅಜ್ಜ. "ಈ ಸಲ ಹೊಳಿ ಕಾಲುವಿ ನೀರು, ಕುದಿಸದಽ ಹಂಗಽ ಬಿಟ್ಟೀವಿ."

"ನಾನಽ ಹೇಳಿದ್ದು!" ಎಂದರು ಸಾವುಕಾರರು. "ತುಂಗಾ ಪಾನ, ಗಂಗಾ ಸ್ನಾನ ಅಂತಾರಲ್ರಿ. ಅಂಥಾ ಹೊಳಿ ನೀರನ್ನ ಕುದಿಸೋದ್ ಯಾಕ?"

"ನಾ ಬ್ಯಾಡ್ರಿ ಅಂದಿದ್ದೆ," ಎಂದ ಅಜ್ಜ ಮೆಲ್ಲಗೆ.

ಎರಡು ಬಾಟಲಿಗೆ ಕಾಲುವೆಯ ಕೆಸರುನೀರನ್ನೇ ತುಂಬಿದೆ, ಒಂದಕ್ಕೆ ಚೆನ್ನಾಗಿ ಕುದಿಸಿದ್ದು, ಇನ್ನೊಂದಕ್ಕೆ ಹಸಿಯದು. ಆ ನಾತ ಹುಟ್ಟಿದರೆ ಕಬ್ಬಿಣ ಕಪ್ಪಾಗುತ್ತದೆಂದು ಎರಡಕ್ಕೂ ಒಂದೊಂದು ಮೊಳೆ, ಮೇಲೆ ಒಳ್ಳೆಯ ಎಣ್ಣೆ. ಬಾಯಿಗೆ ಅರಗು ಹಾಕಿ, ಸಾವುಕಾರರ ಕೈಗೇ ಕೊಟ್ಟು, ಬೇರೆ ಕೆಲಸಕ್ಕೆಂದು ಸಂಡೂರಿಗೆ ಹೋದೆ. ಅಲ್ಲಿ ಗುಡ್ಡದ ಗಾಳಿ ತಂಪಾಗಿತ್ತು, ನನ್ನ ಧೋತರ ಮಾತ್ರ ಕೆಮ್ಮಣ್ಣಾಯಿತು. ಪ್ರತಿ ರಾತ್ರಿ ಆ ಮುದುಕನದೇ ಚಿಂತೆ. ಪರೀಕ್ಷೆ ಕೈಕೊಟ್ಟರೆ ಅವನ ಗತಿ?

ಭಾನುವಾರ ಕಂಪ್ಲಿಗೆ ಮರಳಿ ಅರಗು ಒಡೆದೆ. ಹಸಿ ನೀರಿನ ಮೊಳೆ ಕರ್ರಗಾಗಿತ್ತು, ಅದೇ ಗಬ್ಬು ನಾತ. ಕುದಿಸಿದ್ದು ಕೆಟ್ಟಿರಲಿಲ್ಲ. ಹಸಿ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಕುಡುಗೋಲಿನಂತೆ ಬಾಗಿದ ಜೀವಿಗಳು ಮಿಸುಕಾಡುತ್ತಿದ್ದವು.

"ಗಾಳಿ ಇಲ್ಲದ ಕಡೆ, ಎಣ್ಣೆಯ ಅಡಿಯಲ್ಲಿ ಇವು ಹಿಂಡುಹಿಂಡಾಗಿ ಬೆಳೀತಾವೆ. ನಾತ ಇವುಗಳದು. ಭೂಮಿಯಾಳದ ಎಣ್ಣೆಬಾವಿಗಳ ನೀರಲ್ಲೂ ಇರ್ತಾವಂತೆ," ಎಂದೆ.

ಸಾವುಕಾರರು ಇಣುಕಿ ನೋಡಿ ಬೆವೆತರು. "ಅಯ್ಯೋ ಶಿವನಽ, ಜೀವ ಅದಾವಲ್ರಿ! ನಿಂಗಪ್ಪ, ತಪ್ಪು ನಂದೈತಿ. ನಾಳಿ ಆಣಿ ಬ್ಯಾಡ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಜ್ಜನೂ ಬಗ್ಗಿ ಬಹಳ ಹೊತ್ತು ನೋಡಿದ.

"ಮೂವತ್ತು ವರ್ಷ ನಿಮ್ಮ ಉಪ್ಪು ಉಂಡೀನಿ, ಸಾವುಕಾರ್ರ. ನನ್ನ ಮಾತು ನಂಬಲಿಲ್ಲ. ಈ ಹುಳದ ಸಾಕ್ಷಿ ನಂಬಿದ್ರಿ."

ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮರುದಿನ ಹೊಸಪೇಟೆಯ ಮೋಟಾರು ಗಿರಣಿಯ ಮುಂದೆ ಹಾದಾಗ ತಿರುಗಿ ನೋಡಿದೆ. ಸಾವುಕಾರರು ಕಚ್ಚೆ ಕಟ್ಟಿ, ಒಬ್ಬರೇ ತೊಟ್ಟಿಯ ನೀರನ್ನು ಕೊಡದಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಅಜ್ಜ ಬಂದಿರಲಿಲ್ಲ.