ಷೋಕೇಸಿನಲ್ಲಿ ಕೂತ ಫೋನು

ನಿಮ್ಮ ಮಗು ದಿನಕ್ಕೆ ಎಷ್ಟು ಹೊತ್ತು ಆಡುತ್ತದೆ ಎಂದು ಅಪ್ಪ ಅಮ್ಮಂದಿರನ್ನು ಕೇಳಿದರೆ ಅವರು ತಮ್ಮ ಆಸೆಯನ್ನು ಹೇಳುತ್ತಾರೆ. ಅದಕ್ಕೇ ನೆದರ್ಲೆಂಡ್ಸಿನ ಯುಟ್ರೆಕ್ಟಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ಹತ್ತು ವರ್ಷದ ಮಕ್ಕಳ ಕೈಗೇ ಒಂದೊಂದು ಫೋನು ಕೊಟ್ಟಿದ್ದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅದು ಆಗಾಗ ಸದ್ದು ಮಾಡಿ ‘ಈಗ ಏನು ಮಾಡುತ್ತಿದ್ದೀಯ?’ ಎಂದು ಡಚ್ಚಿನಲ್ಲಿ ಕೇಳುತ್ತಿತ್ತು. ಮಗು ಆಗಿಂದಾಗಲೇ ಒತ್ತಿದ ಉತ್ತರ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು.

ಮೊದಲ ವಾರವೇ ಮುಖಭಂಗ. ಕೂತು ಟಿವಿ ನೋಡುವ ಮಕ್ಕಳು ಶ್ರದ್ಧೆಯಿಂದ ಉತ್ತರಿಸಿದರು. ಆಟಕ್ಕೆ ಹೋದವರು ನಾಪತ್ತೆ. “ಇನ್ನೊಂದು ವಾರ ನೋಡೋಣ. ಹೀಗೇ ಆದರೆ ನಿಲ್ಲಿಸಿಬಿಡೋಣ” ಎಂದರು ನನ್ನ ಮೇಲ್ವಿಚಾರಕರು, ಕಾಫಿ ಕಲಕುತ್ತಾ. ಎರಡು ವರ್ಷದ ದುಡಿಮೆ! ಸಿಟ್ಟು ನೆತ್ತಿಗೇರಿತು.

ಎಲ್ಲರಿಗಿಂತ ವಿಚಿತ್ರವೆಂದರೆ ವೂರ್‌ಬರ್ಗ್ ಎಂಬ ಊರಿನ ಒಬ್ಬ ಹುಡುಗಿ. ಉಡುಪಿ ಕಡೆಯವರ ಮಗಳು. ಒಂದು ಪ್ರಶ್ನೆಯನ್ನೂ ಬಿಡದೆ ಉತ್ತರಿಸಿದ್ದಳು: ‘ಹೋಂವರ್ಕ್’. ಏಳು ದಿನವೂ ಹೋಂವರ್ಕ್, ಭಾನುವಾರವೂ ಹೋಂವರ್ಕ್. ರೈಲು ಹತ್ತಿ ಅವರ ಮನೆಗೆ ಹೋದೆ. ಫೋನು ಷೋಕೇಸಿನ ಗಾಜಿನ ಹಿಂದೆ, ಪ್ಲಾಸ್ಟಿಕ್ ಕವರಿನೊಳಗೆ ಸುಖವಾಗಿ ಕೂತಿತ್ತು.

“ಬಿದ್ದು ಒಡೆದ್ರೆ ಎಂತ ಮಾಡುದು ಮಾರಾಯ್ರೆ, ಯೂನಿವರ್ಸಿಟಿದಲ್ವಾ?” ಎಂದರು ತಾಯಿ. “ಸದ್ದಾದಾಗೆಲ್ಲ ನಾನೇ ಒತ್ತಿದೆ. ಮಗು ಆಡ್ಲಿಕ್ಕೆ ಹೋಗಿದೆ ಅಂತ ಹೇಗೆ ಬರೆಯುದು? ನೀವೆಲ್ಲ ಎಂತ ಅಂದ್ಕೊಳ್ತೀರಿ?”

ಜಗಳಕ್ಕೆಂದೇ ಹೋಗಿದ್ದವಳಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಆಡ್ತಿದ್ದಾಳೆ ಅನ್ನೋದೇ ನಂಗೆ ಬೇಕಾಗಿರೋದು ರೀ!”

ಹುಡುಗಿ ನಡುವೆ ಬಾಯಿ ಹಾಕಿದಳು. “ಬಟ್ ಐ ಹ್ಯಾವ್ ನೋ ಪಾಕೆಟ್ಸ್.”

ಅಷ್ಟೇ ವಿಷಯ. ಅವಳ ಲೆಗ್ಗಿಂಗ್ಸಿಗೆ ಜೇಬಿರಲಿಲ್ಲ. ಇಷ್ಟು ಓದಿಕೊಂಡ ನಾವೆಲ್ಲ ತಿಂಗಳುಗಟ್ಟಲೆ ಪ್ರಶ್ನೆ ತಿದ್ದಿದ್ದೆವು. ಓಡುವ ಮಗು ಫೋನನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ಒಬ್ಬರೂ ಯೋಚಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ತಾಯಿ ಎದ್ದು, ಅರಿಶಿನ ಕುಂಕುಮಕ್ಕೆ ಬಂದು ಬೀರುವಿನಲ್ಲಿ ಬಿದ್ದಿದ್ದ ರವಿಕೆ ಕಣಗಳನ್ನು ತಂದರು. ನಾನು ಚಹಾ ಮುಗಿಸುವುದರೊಳಗೆ ಸೊಂಟಕ್ಕೆ ಕಟ್ಟುವ ಚೀಲವೊಂದು ಸಿದ್ಧವಾಯಿತು. ಶನಿವಾರ, ಭಾನುವಾರ ಇಬ್ಬರೂ ಕೂತು ಉಳಿದ ಮಕ್ಕಳಿಗೂ ಹೊಲಿದೆವು. ನಾನು ಹಾಕಿದ ಹೊಲಿಗೆಯನ್ನು ಅವರು ಬಿಚ್ಚಿ ಮತ್ತೆ ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಹಂಚಿದಾಗ ಡಚ್ ಹುಡುಗರೆಲ್ಲ ಜರಿ ಅಂಚಿನ ಚೀಲ ಕಟ್ಟಿಕೊಂಡು ಬೀಗಿದರು.

ಅಂದು ಶಾಲೆ ಬಿಡುವ ಹೊತ್ತಿಗೆ ಪರದೆಯ ಮುಂದೆ ಕೂತಿದ್ದೆ. ಮೊದಲ ಉತ್ತರ: ಫುಟ್‌ಬಾಲ್. ಮುಂದಿನದು: ಮರ ಹತ್ತುವುದು. ಆಮೇಲೆ ಸಾಲು ಸಾಲಾಗಿ ಬರತೊಡಗಿದವು. ವೂರ್‌ಬರ್ಗ್‌ನ ಹುಡುಗಿ ಮಾತ್ರ ನಾವು ಕೊಟ್ಟ ಆಯ್ಕೆಗಳನ್ನೆಲ್ಲ ಬಿಟ್ಟು ‘ಇತರೆ’ ಎಂಬಲ್ಲಿ ತಾನೇ ಬರೆದಿದ್ದಳು: ‘ಗೆಲ್ಲುತ್ತಿದ್ದೇನೆ’.

ನಾನು ಕಿರುಚಿದ್ದಕ್ಕೆ ಇಡೀ ಮಹಡಿ ತಿರುಗಿ ನೋಡಿತು. ಮೇಲ್ವಿಚಾರಕರು ಓಡಿಬಂದು ಪರದೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು, “ಮುಂದಿನ ಸುತ್ತಿಗೆ ಎಷ್ಟು ಮಕ್ಕಳು ಬೇಕು?” ಎಂದು ಕೇಳಿದರು.