ಹಜರಾಬಿಯ ಓರೆ ಹೊಲಿಗೆ

ತೇರಗಾಂವದಲ್ಲಿ ಕೌದಿ ಹೊಲಿಯುವ ಹಜರಾಬಿಯ ಬೆರಳುಗಳು ಗಂಟುಗಟ್ಟಿದ್ದು ಯಾರೋ ಮಾಡಿಸಿದ ಮಾಟದಿಂದ, ಇನ್ನು ಆಕೆ ಸೂಜಿ ಹಿಡಿಯಲಾರಳು ಎಂಬ ಮಾತು ಹಳಿಯಾಳದ ಸಂತೆಯವರೆಗೂ ಹಬ್ಬಿತ್ತು. ಅದು ಮಾಟವಲ್ಲ, ಅರವತ್ತು ದಾಟಿದ ವಯಸ್ಸು, ಐವತ್ತು ವರ್ಷಗಳ ಹೊಲಿಗೆ, ತಾಯಿಯಿಂದ ಬಂದ ಕೀಲುಬೇನೆ ಎಂದು ದವಾಖಾನೆಯ ಡಾಕ್ಟರು ವಿವರಿಸಿ, ಹೊಲಿಗೆ ಬಿಡಲು ಹೇಳಿದರು. "ವಯಸ್ಸು ಬಿಡಾಕ ಆಗೂದಿಲ್ಲ, ಅವ್ವನ್ನ ಬಿಡಾಕ ಆಗೂದಿಲ್ಲ, ಸೂಜಿ ಒಂದನ್ನ ಯಾಕ ಬಿಡ್ಲಿ, ಸಾಹೇಬ್ರ?" ಎಂದು ಆಕೆ ಎದ್ದು ಬಂದಳು. ಆಗ ನಡೆದಿದ್ದ ಮಹಾಯುದ್ಧದಿಂದಾದ ಬಟ್ಟೆಯ ಅಭಾವದಲ್ಲೂ ಊರ ಹಿತ್ತಲುಗಳನ್ನೆಲ್ಲ ಸುತ್ತಿ ಹರಕು ಸೀರೆ ಕೇಳಿ ತರುವ, ನಾಲ್ಕು ಮೂಲೆಗೆ ಬಟ್ಟೆಯ ಹೂವು ಹಚ್ಚದ ಕೌದಿಯನ್ನು ಬತ್ತಲೆಯೆಂದು ಹೀಗಳೆಯುವ ಈಕೆಗೆ, ಮೊಮ್ಮಗಳ ಹೆರಿಗೆಗೆ ಮುನ್ನ ಕೂಸಿಗೊಂದು ಕೌದಿ ಮುಗಿಸಲೇಬೇಕಿತ್ತು. ಹೆಬ್ಬೆರಳು ಸೋತಾಗ ಸೂಜಿಯನ್ನು ನಡುವಿನ ಎರಡು ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡಳು. ಹೊಲಿಗೆ ಓರೆಯಾಯಿತು, ಆದರೆ ನಿಲ್ಲಲಿಲ್ಲ. ಆ ಉಪಾಯ ಆಕೆಯದಲ್ಲ. ಕೌದಿಯನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ತಾಯಿ ಸಾಯುವ ಮುನ್ನ ಹೊಲಿದ ಕೊನೆಯ ಕೌದಿಯಲ್ಲಿ ಅಂಚಿನ ಹೊಲಿಗೆ ನೇರವಾಗಿತ್ತು, ನಡುವಿನದು ಓರೆ; ಹೆಬ್ಬೆರಳು ಸೋತ ಮೇಲೆ ತಾಯಿಯೂ ಸೂಜಿಯನ್ನು ಹೀಗೇ ಹಿಡಿದಿದ್ದಳು. "ನೋವು ಅಂತ ಅವ್ವ ಒಂದಿನಾನೂ ಅನ್ನಲಿಲ್ಲ, ದಾರಿ ಮಾತ್ರ ಹೊಲದಿಟ್ಟಾಳ ನೋಡ್ರಿ," ಎಂದು ಹಜರಾಬಿ ಗೆದ್ದವಳಂತೆ ನಗುತ್ತಿದ್ದಳು. ಈಗ ಮರಿಮಗಳು ಹೊಸ ಕೌದಿಯ ಮೇಲೆ ಮಲಗಿದ್ದಾಳೆ. ಹಜರಾಬಿ ಮತ್ತೊಂದರ ಅಂಚು ಹಿಡಿದಿದ್ದಾಳೆ.