ಐವತ್ತೆಂಟು ರೇಡಿಯೊ, ಒಂದೇ ಸಹಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಪಡಸಾಲೆಯಲ್ಲಿ ಪೊರಕೆಯನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡು, ರೇಡಿಯೊ ಅಕ್ಕ ಸಿಮೆಂಟಿನ ಕಟ್ಟೆಯ ಮೇಲೆ ಹನ್ನೆರಡು ಪುಟ್ಟ ರೇಡಿಯೊಗಳನ್ನು ಸಾಲಾಗಿ ಇಡುತ್ತಾರೆ. ಒಂದಕ್ಕೊಂದು ಗೇಣು ದೂರ. ಕೆಳಗೆ ಬಟ್ಟೆ ಹಾಸುವಂತಿಲ್ಲ, ಮೇಲೆ ಹೊದಿಸುವಂತಿಲ್ಲ. ಒಂದೊಂದಕ್ಕೂ ವಯರು ಸಿಕ್ಕಿಸಿ ಸ್ವಿಚ್ಚು ಹಾಕುತ್ತಾರೆ. ಕಾಲು ಗಂಟೆಗೊಮ್ಮೆ ಬಂದು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರಂತೆ ಪ್ರತಿ ಸೆಟ್ಟಿನ ಬೆನ್ನು ಮುಟ್ಟಿ ನೋಡುತ್ತಾರೆ.

"ಬೆಚ್ಚಗೆ ಬೇರೆ, ಬಿಸಿ ಬೇರೆ," ಎನ್ನುತ್ತಾರೆ ಅಕ್ಕ. "ಬೆಚ್ಚಗಿದ್ರೆ ಇರ್ಲಿ ಅಂತ ಬಿಡ್ತೀನಿ. ಬಿಸಿ ಅನ್ಸಿದ್ರೆ ಮೊದಲು ಸ್ವಿಚ್ಚು, ಆಮೇಲೆ ವಯರು. ಇಷ್ಟು ಗೊತ್ತಾಗೋಕೆ ಇಲ್ಲಿ ಒಬ್ಬರ ಕೈ ಸುಟ್ಟುಹೋಗ್ಬೇಕಾಯ್ತು ನೋಡಿ."

ಇದು ಕಣ್ಣು ಕಾಣದ ಮಹಿಳೆಯರ ವಸತಿಗೃಹ. ಇಲ್ಲಿರುವವರು ಐವತ್ತೆಂಟು ಮಂದಿ. ಕೆಲವರು ಕುರ್ಚಿ ಹೆಣೆಯುತ್ತಾರೆ, ಕೆಲವರು ಕೆಲಸ ಮುಗಿಸಿ ಪಿಂಚಣಿಯಲ್ಲಿದ್ದಾರೆ. ಐವತ್ತೊಂದು ವರ್ಷದ ಅಕ್ಕ ಹದಿನೇಳು ವರ್ಷಗಳಿಂದ ಇಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುತ್ತಿದ್ದಾರೆ. ದಿನಕ್ಕೆ ಹದಿನಾಲ್ಕು ಶೌಚಾಲಯ, ಎರಡು ಸಲ ಅರವತ್ತನಾಲ್ಕು ಮೆಟ್ಟಿಲು. ಕಚೇರಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಇಲ್ಲ, 'ಸ್ವಚ್ಛತೆ - ಎರಡು' ಎಂದಷ್ಟೇ ಇದೆ. ಲಾರಿಗೆ ಮೂಟೆ ಹೊರುತ್ತಿದ್ದ ಗಂಡ ಬೆನ್ನು ಮುರಿದುಕೊಂಡು ಮಲಗಿದ ಮೇಲೆ, ಮಗಳನ್ನು ಓದಿಸಿ ಮದುವೆ ಮಾಡಿದ್ದು ಇದೇ ಪೊರಕೆ. ಅಕ್ಕನ ಓದು ಏಳನೇ ಕ್ಲಾಸಿಗೇ ಮುಗಿದಿತ್ತು.

ರೇಡಿಯೊಗಳು ಬಂದದ್ದು ಹೋದ ವರ್ಷ. ಹಳೆಯ ರೀತಿಯ ಪ್ರಸಾರ ನಿಂತು, ಎಲ್ಲರ ಹಳೆಯ ಸೆಟ್ಟುಗಳೂ ಬರೀ ಗೊರಗೊರ ಎನ್ನತೊಡಗಿದ್ದವು. ದಾನಿಗಳೊಬ್ಬರು ಐವತ್ತೆಂಟು ಡಿಜಿಟಲ್ ರೇಡಿಯೊ ಕೊಟ್ಟರು. ಶಾಮಿಯಾನ ಹಾಕಿದರು, ಭಾಷಣ ಮಾಡಿದರು, ಫೋಟೊ ಹೊಡೆಸಿಕೊಂಡರು. ನಲವತ್ತು ನಿಮಿಷದಲ್ಲಿ ಕಾರುಗಳು ಹೊರಟುಹೋದವು. ಡಬ್ಬಿ ತೆರೆದು ತೋರಿಸಲು ಒಬ್ಬರೂ ನಿಲ್ಲಲಿಲ್ಲ.

ಡಬ್ಬಿಯೊಳಗೆ ಏನಿತ್ತು ಕೇಳಿ. ಅಂಗೈಯಗಲದ ಸೆಟ್ಟು. ಅದರ ನೆತ್ತಿಯಲ್ಲಿ ಒಂದೇ ಆಕಾರದ, ಒಂದೇ ನುಣುಪಿನ ಏಳು ಗುಂಡಿ. ಯಾವ ಗುಂಡಿ ಏನು ಮಾಡುತ್ತದೆ ಎಂದು ಬರೆದು ತೋರಿಸುವ ಪುಟ್ಟ ಪರದೆ. ಜೊತೆಗೆ ಇರುವೆಗಿಂತ ಸಣ್ಣ ಅಕ್ಷರದ ನಲವತ್ತೆಂಟು ಪುಟದ ಪುಸ್ತಿಕೆ. ಕೊಟ್ಟದ್ದು ಯಾರಿಗೆ? ಕಣ್ಣು ಕಾಣದವರಿಗೆ! ಈ ಮಾತು ಆ ಶಾಮಿಯಾನದ ಕೆಳಗೆ ಕೂತಿದ್ದ ಒಬ್ಬರ ತಲೆಗೂ ಹೊಳೆಯಲಿಲ್ಲವೇ?

ಚಾರ್ಜ್ ಮಾಡಲು ವಯರು ಮಾತ್ರ ಇತ್ತು, ಗೋಡೆಗೆ ಸಿಕ್ಕಿಸುವ ಅಡಾಪ್ಟರ್ ಇರಲಿಲ್ಲ. ರಸ್ತೆಬದಿಯಲ್ಲಿ ಸಿಕ್ಕ ಅಗ್ಗದ ಮಾಲನ್ನೇ ಎಲ್ಲರೂ ತರಿಸಿಕೊಂಡರು. ಮೂರನೇ ವಾರ, ಒಂದು ಮಧ್ಯಾಹ್ನ, ಕುರ್ಚಿ ಹೆಣೆಯುವ ಹೆಂಗಸೊಬ್ಬರು ಸೆಟ್ಟನ್ನು ಚಾರ್ಜಿಗೆ ಹಾಕಿ, ಯಾರಾದರೂ ಎಡವಿ ಕೆಡವಿಯಾರೆಂದು ಜೋಪಾನವಾಗಿ ದಿಂಬಿನಡಿ ಇಟ್ಟು, ಅದೇ ದಿಂಬಿನ ಮೇಲೆ ಕೈ ಮಡಚಿ ಮಲಗಿದರು. ಮೆಟ್ಟಿಲು ಒರೆಸುತ್ತಿದ್ದ ಅಕ್ಕನ ಮೂಗಿಗೆ ಸುಟ್ಟ ಹತ್ತಿಯ ವಾಸನೆ ಬಡಿಯಿತು. ಓಡಿದರು. ಮೊದಲು ಗೋಡೆಯ ಸ್ವಿಚ್ಚು ಆರಿಸಿದರು. ಆಮೇಲೆ ಹೊಗೆಯಾಡುತ್ತಿದ್ದ ದಿಂಬಿನ ಮೇಲೆ ಬಕೆಟ್ಟಿನ ನೀರು ಸುರಿದರು. ಅಷ್ಟರಲ್ಲಿ ಆ ಹೆಂಗಸಿನ ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಕುರ್ಚಿ ಹೆಣೆಯುವ ಕೈ. ಎರಡು ತಿಂಗಳು ಕೆಲಸವಿಲ್ಲ.

ಕಚೇರಿ ಏನು ಮಾಡಿತು? ಉಳಿದ ಸೆಟ್ಟುಗಳನ್ನೆಲ್ಲ ಕಿತ್ತುಕೊಂಡು ಉಗ್ರಾಣಕ್ಕೆ ಬೀಗ ಹಾಕಿತು. "ಕಣ್ಣು ಕಾಣದವರಿಗೆ ಕರೆಂಟಿನ ಸಹವಾಸ ಯಾಕೆ?" ಎಂದರು ವ್ಯವಸ್ಥಾಪಕರು. ಹತ್ತೊಂಬತ್ತು ದಿನ ಆ ಕಟ್ಟಡದಲ್ಲಿ ಸುದ್ದಿಯಿಲ್ಲ, ಹಾಡಿಲ್ಲ, ಗಂಟೆ ಎಷ್ಟೆಂದು ಹೇಳುವ ದನಿಯೂ ಇಲ್ಲ.

"ಅವರ ಮನೇಲಿ ಹತ್ತೊಂಬತ್ತು ದಿನ ಲೈಟು ತೆಗೆದ್ರೆ ಸುಮ್ನಿರ್ತಾರಾ?" ಎಂದು ಇವತ್ತಿಗೂ ಕಿಡಿ ಕಾರುತ್ತಾರೆ ಆಪರೇಟರ್ ಅಜ್ಜಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಎಪ್ಪತ್ತೊಂದರ ಈ ಅಜ್ಜಿಗೆ ಹುಟ್ಟಿನಿಂದಲೂ ದೃಷ್ಟಿಯಿಲ್ಲ.

ಮುಂದಿನದನ್ನು ಮಾಡಿದ್ದು ಕಸ ಗುಡಿಸುವ ಅಕ್ಕ ಮತ್ತು ಈ ಅಜ್ಜಿ. ಕಸದ ಬುಟ್ಟಿಗೆ ಬಿದ್ದಿದ್ದ ಪುಸ್ತಿಕೆಯೊಂದನ್ನು ಅಕ್ಕ ಎತ್ತಿಟ್ಟುಕೊಂಡಿದ್ದರು. ತಿರುವಿನಲ್ಲಿರುವ ಗಡಿಯಾರ ರಿಪೇರಿಯವರಿಂದ ಭೂತಗನ್ನಡಿ ಕೇಳಿ ತಂದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಕ್ಷರ ಕೂಡಿಸಿ ಓದಿದರು. ಅಜ್ಜಿ ಬ್ರೈಲ್ ಹಲಗೆಯ ಮೇಲೆ ಚುಕ್ಕಿ ಚುಚ್ಚುತ್ತ ಬರೆದುಕೊಂಡರು. ಮೂವತ್ತೊಂದನೇ ಪುಟಕ್ಕೆ ಬಂದಾಗ ಅಕ್ಕ ಒಂದೇ ಸಾಲನ್ನು ಪಿಸುದನಿಯಲ್ಲಿ ಮತ್ತೆ ಓದಿಕೊಂಡರು.

"ಏನದು? ಜೋರಾಗಿ ಓದು."

"ಚಾರ್ಜ್ ಆಗೋವಾಗ ಹೊದಿಸಬೇಡಿ, ಹಾಸಿಗೆ ಮೇಲೆ ಇಡಬೇಡಿ ಅಂತ ಇದೆ ಅಜ್ಜಿ. ಹಿಂದಿನ ತೂತುಗಳನ್ನ ಮುಚ್ಚಬೇಡಿ ಅಂತಾನೂ ಇದೆ."

ಒಂದು ಕೈಯನ್ನು ಉಳಿಸಬಹುದಾಗಿದ್ದ ಮಾತು ಅಲ್ಲಿ, ಯಾರೂ ಓದಲಾಗದ ಕಡೆ, ತಣ್ಣಗೆ ಕೂತಿತ್ತು. ಹಿಂದಿನ ತೂತುಗಳ ಕತೆಯೋ, ಕೇಳಿದರೆ ಮೈ ಉರಿಯುತ್ತದೆ. ಬಿಸಿ ಹೊರಹೋಗಲೆಂದು ಮಾಡಿದ ಆ ತೂತುಗಳ ಮೇಲೇ, ಪ್ರತಿ ಸೆಟ್ಟಿಗೂ, ದಾನಿಗಳ ನಗುಮುಖದ ಸ್ಟಿಕ್ಕರ್ ಅಂಟಿಸಲಾಗಿತ್ತು.

ಅಕ್ಕ ಕಚೇರಿಗೆ ಹೋಗಿ ಬೀಗ ತೆಗೆಯಿರಿ ಎಂದರು. ವ್ಯವಸ್ಥಾಪಕರು ಒಂದು ಹಾಳೆ ಮುಂದಿಟ್ಟರು: ಇನ್ನು ಮುಂದೆ ರೇಡಿಯೊಗಳಿಂದ ಏನೇ ಅನಾಹುತವಾದರೂ ಕೆಳಗೆ ಸಹಿ ಮಾಡಿದವರೇ ಹೊಣೆ. ರೇಡಿಯೊ ಕೊಟ್ಟ ದಾನಿ ಯಾವ ಹಾಳೆಗೂ ಸಹಿ ಹಾಕಲಿಲ್ಲ. ಮಾರಿದವರು ಹಾಕಲಿಲ್ಲ. ವ್ಯವಸ್ಥಾಪಕರೂ ಹಾಕಲಿಲ್ಲ. ಹೊಣೆ ಹೊತ್ತದ್ದು ಇಡೀ ಕಟ್ಟಡದಲ್ಲೇ ಅತಿ ಕಡಿಮೆ ಸಂಬಳದ ಹೆಂಗಸು!

"ಹಾಳೆನ ಎರಡು ಸಲ ಓದ್ದೆ. ಆದ್ರೂ ಹಾಕ್ದೆ," ಎನ್ನುತ್ತಾರೆ. "ಅವರು ಐವತ್ತೆಂಟು ಜನ ಗೋಡೆಗೆ ಒರಗಿ ಸುಮ್ನೆ ಕೂತಿರೋದನ್ನ ದಿನಾ ನೋಡ್ಕೊಂಡು ನೆಲ ಒರೆಸೋಕೆ ನನ್ನಿಂದ ಆಗ್ತಿರ್ಲಿಲ್ಲ."

ಸುಟ್ಟುಹೋದ ಸೆಟ್ಟಿಗೆ ಬದಲಾಗಿ ಎಲ್ಲರೂ ಸೇರಿ ಇನ್ನೊಂದನ್ನು ತರಿಸಿಕೊಂಡರು. ಎಲ್ಲರ ಬಳಿ ಇದ್ದ ಅಗ್ಗದ ಅಡಾಪ್ಟರುಗಳನ್ನು ಅಕ್ಕ ಆಚೆ ಹಾಕಿಸಿದರು. ಪುಸ್ತಿಕೆಯಲ್ಲಿ ಹೇಳಿದ ಅಳತೆಯ ಹನ್ನೆರಡನ್ನು ಕೊಂಡು ತಂದದ್ದಾಯಿತು. ಸೆಟ್ಟುಗಳ ಬೆನ್ನಿಗೆ ಎಣ್ಣೆ ಸವರಿ, ಉಗುರಿನಿಂದ ಕೆರೆದು, ಸ್ಟಿಕ್ಕರುಗಳನ್ನೆಲ್ಲ ಕಿತ್ತರು. ಆನ್ ಮಾಡುವ ಗುಂಡಿಯ ಮೇಲೆ ಒಂದು ಹನಿ ಅಂಟು, ಮೊದಲ ಸ್ಟೇಷನ್ನಿಗೆ ಎರಡು, ಎರಡನೆಯದಕ್ಕೆ ಮೂರು. ಒಣಗಿದ ಮೇಲೆ ಬೆರಳಿಗೆ ಚೆನ್ನಾಗಿ ಸಿಗುತ್ತವೆ. ಮೊದಲ ಸಲ ಹಾಕುವಾಗ ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆದು ಕಿಟಕಿಯ ಬಳಿ ಇಟ್ಟು, ಅದು ತಾನಾಗಿ ಸ್ಟೇಷನ್ನುಗಳನ್ನೆಲ್ಲ ಹುಡುಕಿ ಮುಗಿಸುವವರೆಗೆ ಮುಟ್ಟದೆ ಬಿಡಬೇಕು ಎಂಬುದನ್ನೂ ಕಲಿಸಿದರು. "ಹಳೇ ರೇಡಿಯೊ ತರ ಎಲ್ರೂ ಗುಂಡಿ ಒತ್ತಿ ಒತ್ತಿ ಅದರ ಪ್ರಾಣ ತಿಂತಿದ್ರು," ಎಂದು ನಗುತ್ತಾರೆ. "ಪಾಪ, ಅದು ಹುಡುಕೋಕೆ ಶುರು ಮಾಡಿರ್ತಿತ್ತು, ಇವರು ನಿಲ್ಲಿಸಿಬಿಡ್ತಿದ್ರು." ಒದ್ದೆ ಕೈಯಲ್ಲಿ ವಯರು ಮುಟ್ಟುವುದು ಬೇಡ, ಮಲಗುವ ಹೊತ್ತಿನಲ್ಲಿ ಚಾರ್ಜು ಬೇಡ. ಹಾಗಾಗಿ ಎಲ್ಲರೂ ಎಚ್ಚರವಿರುವ ಬೆಳಗಿನ ಐದೂವರೆಯಿಂದ ಎಂಟೂವರೆಯವರೆಗೆ, ದಿನಕ್ಕೆ ಹನ್ನೆರಡು ಸೆಟ್ಟಿನಂತೆ ಸರದಿ.

ಇಷ್ಟಕ್ಕೆ ಸಿಕ್ಕ ಬಹುಮಾನ ಒಂದು ನೋಟಿಸು. ದಾನಿಗಳ ಭಾವಚಿತ್ರಕ್ಕೆ ಅಗೌರವ ತೋರಿದ್ದಕ್ಕೆ ವಿವರಣೆ ಕೊಡಿ, ಎಂದು. ಅದೇ ವರ್ಷದ ವರದಿಯಲ್ಲಿ 'ನಮ್ಮ ಸಂಸ್ಥೆಯ ಡಿಜಿಟಲ್ ಸಾಧನೆ' ಎಂಬ ಇಡೀ ಪುಟವಿದೆ. ಅದರಲ್ಲಿ ಅಕ್ಕನ ಸುಳಿವೂ ಇಲ್ಲ.

ಈಗ ಅಕ್ಕನ ಮಗಳಿಗೆ ಎಂಟು ತಿಂಗಳು. ಅವಳ ಊರಿಗೆ ಬಸ್ಸಿನಲ್ಲಿ ಎಂಟು ಗಂಟೆ ದಾರಿ. ಚೊಚ್ಚಲ ಹೆರಿಗೆಗೆ ತಾಯಿ ಬೇಕು ಎಂದು ಮಗಳು ಫೋನಿನಲ್ಲಿ ಅಳುತ್ತಾಳೆ. ಹತ್ತು ದಿನ ರಜೆ ಕೇಳಿದರೆ, ಆ ಹಾಳೆಗೆ ಇನ್ನೊಬ್ಬರ ಸಹಿ ತಂದು ಹೋಗು ಎನ್ನುತ್ತದೆ ಕಚೇರಿ. ಕಚೇರಿಯಲ್ಲಿ ಆರು ಜನರಿದ್ದಾರೆ. ಆರು ಜನರೂ ಕೈ ಹಿಂದಕ್ಕೆ ಎಳೆದುಕೊಂಡರು. ಆಪರೇಟರ್ ಅಜ್ಜಿ ಮುಂದೆ ಬಂದರೆ, "ನಿಮ್ಮ ಸಹಿ ನಡೆಯಲ್ಲಮ್ಮ, ನಿಮಗೆ ಕಣ್ಣು ಕಾಣಲ್ಲವಲ್ಲ," ಎಂಬ ಉತ್ತರ.

"ಪಿಂಚಣಿ ತಗೊಳ್ಳೋವಾಗ ನಡೆಯೋ ಸಹಿ ರೇಡಿಯೊಗೆ ಯಾಕೆ ನಡೆಯಲ್ಲ?" ಎಂದು ಅಜ್ಜಿ ಮೇಜು ಕುಟ್ಟಿದ್ದು ಮೂರನೇ ಮಹಡಿಯವರೆಗೆ ಕೇಳಿಸಿತಂತೆ. ಅರ್ಜಿ ಇನ್ನೂ ಮೇಜಿನ ಮೇಲೇ ಇದೆ.

ಹೋದ ತಿಂಗಳು ಅಕ್ಕನಿಗೆ ಜ್ವರದಿಂದ ಎರಡು ದಿನ ಏಳಲಾಗಲಿಲ್ಲ. ಕಚೇರಿಯಲ್ಲಿ ಯಾರಿಗೂ ರೇಡಿಯೊಗಳ ನೆನಪಾಗಲಿಲ್ಲ. ಗಾಬರಿಯಿಂದ ಮೂರನೇ ದಿನ ಓಡಿ ಬಂದರೆ, ಕಟ್ಟೆಯ ಮೇಲೆ ಹನ್ನೆರಡು ಸೆಟ್ಟು ಅಳೆದಿಟ್ಟಂತೆ ಗೇಣು ಗೇಣು ದೂರದಲ್ಲಿ ಕೂತಿವೆ. ಪಕ್ಕದಲ್ಲಿ ಅಜ್ಜಿ, ಇನ್ನೂ ನಾಲ್ವರು. ಒಳಗಿನ ಬ್ಯಾಟರಿ ಕೆಟ್ಟು ಬೆನ್ನು ಉಬ್ಬಿದ್ದ ಒಂದು ಸೆಟ್ಟನ್ನು ಬೆರಳಿನಿಂದಲೇ ಪತ್ತೆ ಹಚ್ಚಿ, ಹೊತ್ತಿಕೊಂಡರೂ ಬೆಂಕಿ ಹರಡದಂತೆ ಅಂಗಳದಲ್ಲಿ ಮರಳಿನ ಬಕೆಟ್ಟಿಗೆ ಹಾಕಿಟ್ಟಿದ್ದಾರೆ. ಅದು ಕಣ್ಣಿದ್ದವರ ಕಣ್ಣಿಗೂ ತಕ್ಷಣ ಬೀಳದಷ್ಟು ಸಣ್ಣ ಉಬ್ಬು.

ಅಕ್ಕನಿಗೆ ಎರಡು ದಿನದ ಗೈರುಹಾಜರಿ ಬಿತ್ತು. ಅದರ ಬಗ್ಗೆ ಕೇಳಿದರೆ ಕೈ ಬೀಸಿ ತಳ್ಳಿಹಾಕುತ್ತಾರೆ.

"ಸನ್ಮಾನ ಗಿನ್ಮಾನ ಏನೂ ಬೇಡ. ಹತ್ತು ದಿನ ರಜೆ ಕೊಡ್ಲಿ, ನನ್ನ ಮಗಳ ಪಕ್ಕ ಕೂತಿದ್ದು ಬರ್ತೀನಿ. ಇವರನ್ನ ನೋಡ್ಕೊಳ್ಳೋರು ಯಾರು ಅಂತ ಆಫೀಸಿನವರು ಕೇಳ್ತಾರೆ. ಇವರಿಗೆ ಈಗ ನಾನು ಬೇಕಾಗಿಲ್ಲ ಸ್ವಾಮಿ. ನಾನಿಲ್ದೆ ಹೋದ್ರೂ ನಡೆಯೋ ಹಾಗೆ ಕಲಿಸಿದ್ದೀನಿ. ನಾನು ಮಾಡಿರೋ ಕೆಲಸ ಅಂದ್ರೆ ಅದೊಂದೇ."